ಹೊಸ ಅಮಾಲ್ ಹಾಕಿದರೂ ಬೋನವಿಲ್ ಸ್ಲೋದಲ್ಲಿ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಮ್ಮ ಮನೆಯಲ್ಲಿ 1969ರ ಟ್ರಯಂಫ್ ಬೋನವಿಲ್ ಟಿ120 ಇದೆ. ಕಾಕಾ ಅವರು ಪುಣೆಯಿಂದ ತಂದದ್ದು. ಅದರ ಎರಡೂ ಹಳೆಯ ಅಮಾಲ್ ಕಾರ್ಬುರೇಟರ್ ಸವೆದು ಹೋಗಿದ್ದವು. ಇಂಗ್ಲೆಂಡಿನಿಂದ ಹೊಸ ಅಮಾಲ್ ಕಾನ್ಸೆಂಟ್ರಿಕ್ ಜೋಡಿ ತರಿಸಿ ಹಾಕಿಸಿದೆವು. ಆದರೂ ಗಾಡಿ ಸ್ಲೋದಲ್ಲಿ ನಿಲ್ಲುವುದಿಲ್ಲ, ಅಂದರೆ ಎಕ್ಸಲರೇಟರ್ ಬಿಟ್ಟಾಗ ಎಂಜಿನ್ ನಿಧಾನವಾಗಿ, ಸಮವಾಗಿ ಓಡುತ್ತ ಉಳಿಯುವುದಿಲ್ಲ. ಕೆಲವೊಮ್ಮೆ ತಾನಾಗಿಯೇ ರೇಸ್ ಆಗುತ್ತದೆ. ಎಕ್ಸಲರೇಟರ್ ಸ್ವಲ್ಪ ತಿರುಗಿಸಿದ ಕೂಡಲೇ ಕೆಮ್ಮುತ್ತದೆ. ಎಡಗಡೆಯ ಎಕ್ಸಾಸ್ಟ್ ಪೈಪ್ ಮಾತ್ರ ನೀಲಿಯಾಗಿದೆ. ಗ್ಯಾರೇಜಿನವರು ‘ಇವನ್ನು ಬಿಚ್ಚಿ ಬುಲೆಟ್ಟಿನ ಕಾರ್ಬುರೇಟರ್ ಹಾಕೋಣ’ ಅನ್ನುತ್ತಿದ್ದಾರೆ. ಹಾಕಿಸಬಹುದೇ? ಈಗಿನ ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಏನಾದರೂ ಬದಲಿಸಬೇಕೇ? ಹಳೆಯ ಕಾರ್ಬುರೇಟರ್‌ಗಳನ್ನು ಗುಜರಿಗೆ ಹಾಕಲೇ?
— ಒಬ್ಬ ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಬುಲೆಟ್ಟಿನ ಕಾರ್ಬುರೇಟರ್ ಬೇಡ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಗಾಡಿಯ ರೋಗ ನೋಡೋಣ.

ಸ್ಲೋ ನಿಲ್ಲುತ್ತಿಲ್ಲ, ತಾನೇ ರೇಸ್ ಆಗುತ್ತದೆ, ಕೆಮ್ಮುತ್ತದೆ, ಒಂದೇ ಪೈಪ್ ನೀಲಿ. ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಎಡಗಡೆ ಸಿಲಿಂಡರಿಗೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಹೋಗುತ್ತಿರುವಂತಿದೆ. ಗ್ಯಾರೇಜಿನ ಮಾತಿನಲ್ಲಿ ಲೀನ್. ಇದು ಕಾರ್ಬುರೇಟರಿನದೇ ದೋಷ ಆಗಿರಬೇಕಿಲ್ಲ. ಅದನ್ನು ಕೂರಿಸಿದ ರೀತಿಯದ್ದಾಗಿರಬಹುದು. ಎಡಗಡೆಯ ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ ಪೈಪ್ ನೀಲಿಯಾಗುತ್ತದೆ. ಹೊಸದು ಹಾಕಿದ ಮೇಲೂ ಅದೇ ರೋಗ ಉಳಿದರೆ ನನ್ನ ಅನುಮಾನ ಮೊದಲು ಹೋಗುವುದು ಅದರ ಅಕ್ಕಪಕ್ಕದ ಸಾಮಾನಿನ ಮೇಲೆ.

ಬೋನವಿಲ್ ಟ್ಯೂನಿಂಗ್ ಭಾರೀ ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ನಿಜವಾದ ಕಷ್ಟ ಇರುವುದು ಒಂದೇ ಕಡೆ. ಈ 649 ಸಿಸಿ ಎಂಜಿನ್ನಿನಲ್ಲಿ ಎರಡೂ ಪಿಸ್ಟನ್ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಆದರೆ ಒಂದು ಸುತ್ತಿಗೆ ಎಡಗಡೆ ಉರಿದರೆ ಮುಂದಿನ ಸುತ್ತಿಗೆ ಬಲಗಡೆ ಉರಿಯುತ್ತದೆ. ಕಾರ್ಬುರೇಟರ್ ಬೇರೆ ಬೇರೆ, ಕ್ರ್ಯಾಂಕ್ ಒಂದೇ. ಜೋಡೆತ್ತಿನಲ್ಲಿ ಒಂದು ಎಳೆದು ಇನ್ನೊಂದು ಸುಮ್ನೆ ಜೊತೆಗೆ ನಡೆದರೂ ಬಂಡಿ ಮುಂದೆ ಹೋಗುತ್ತದಲ್ಲ, ಹಾಗೆ. ಒಂದು ಸಿಲಿಂಡರಿನ ಸೋಮಾರಿತನವನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಎರಡೂ ಓಡುತ್ತಿರುವಾಗ ಕಿವಿಗೆ ಇದು ಗೊತ್ತಾಗುವುದಿಲ್ಲ. ಹಾಗಾಗಿ ಕೆಳಗಿನ ಕೆಲಸವೆಲ್ಲ ಒಂದೊಂದು ಸಿಲಿಂಡರನ್ನೂ ಒಂಟಿಯಾಗಿ ಮಾತಾಡಿಸುವ ಕೆಲಸ ಅಂದುಕೊಳ್ಳಿ.

ಕಾರ್ಬುರೇಟರಿಗೆ ಸ್ಕ್ರೂಡ್ರೈವರ್ ತಾಗಿಸುವ ಮುಂಚೆ ಟ್ಯಾಪೆಟ್, ಅಂದರೆ ವಾಲ್ವಿನ ಸಂದು ನೋಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ನೋಡುವುದು ಒಳ್ಳೆಯದು. ಇನ್‌ಲೆಟ್ 0.002 ಇಂಚು, ಎಕ್ಸಾಸ್ಟ್ 0.004 ಇಂಚು. ಆಮೇಲೆ ಇಗ್ನಿಷನ್. 1969ರ ಗಾಡಿಯಲ್ಲಿ ಕಿಡಿ ಹಾರುವ ಸಮಯ ನಿರ್ಧರಿಸುವ ಪಾಯಿಂಟ್ ಎರಡು ಸೆಟ್ ಇರುತ್ತವೆ, ಸಿಲಿಂಡರಿಗೆ ಒಂದರಂತೆ. ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಸುಮಾರು ಜನ ಬಲಗಡೆಯದನ್ನು ಸರಿ ಮಾಡಿ, ಎಡಗಡೆಯದೂ ಅದರ ಜೊತೆಗೆ ಸರಿಯಾಯಿತು ಅಂದುಕೊಂಡು ಕವರ್ ಮುಚ್ಚುತ್ತಾರೆ. ಹಾಗಾಗುವುದಿಲ್ಲ. ಎಂಜಿನ್ ಸ್ಪೀಡ್ ಏರಿ ಟೈಮಿಂಗ್ ಪೂರ್ತಿ ಮುಂದಕ್ಕೆ ಬಂದಾಗ, ಅಂದರೆ ಪೂರ್ತಿ ಅಡ್ವಾನ್ಸ್ ಆದಾಗ, ಎರಡೂ ಕಡೆ 38 ಡಿಗ್ರಿ ಬರಬೇಕು. ಸ್ಟ್ರೋಬ್ ಲೈಟ್ ಇರುವ ಮಿಸ್ತ್ರಿ ಹತ್ತಿರ ಹೋಗಿ ಎರಡನ್ನೂ ನೋಡಿಸಿ.

ಅಲ್ಲೇ ಪಾಯಿಂಟ್ ಪ್ಲೇಟಿನ ಹಿಂದೆ ಅಡ್ವಾನ್ಸ್ ಯೂನಿಟ್ ಇದೆ. ಎರಡು ತೂಕದ ತುಂಡು, ಎರಡು ಪುಟ್ಟ ಸ್ಪ್ರಿಂಗ್. ಸ್ಪ್ರಿಂಗ್ ಸಡಿಲಾದರೆ, ಇಲ್ಲವೇ ತುಕ್ಕು ಹಿಡಿದು ತೂಕ ಸಿಕ್ಕಿಕೊಂಡರೆ, ಎಕ್ಸಲರೇಟರ್ ಬಿಟ್ಟ ಮೇಲೂ ಟೈಮಿಂಗ್ ಹಿಂದಕ್ಕೆ ಬರುವುದಿಲ್ಲ. ಗಾಡಿ ರೇಸ್ ಆಗಿಯೇ ನಿಲ್ಲುತ್ತದೆ. ‘ತಾನಾಗಿಯೇ ರೇಸ್’ ಅಂದರೆ ಎಲ್ಲರೂ ಕಾರ್ಬುರೇಟರ್ ಬಿಚ್ಚುತ್ತಾರೆ. ಕಾರಣ ಎಷ್ಟೋ ಸಲ ಇಲ್ಲಿರುತ್ತದೆ. ಬೆರಳಿನಿಂದ ಕ್ಯಾಮ್ ತಿರುಗಿಸಿ ಬಿಡಿ. ತಟ್ಟನೆ ಹಿಂದಕ್ಕೆ ಬರಬೇಕು.

ಇಷ್ಟೂ ಸರಿ ಇದ್ದರೆ ಗಾಳಿ ಸೋರುವ ಜಾಗ ಹುಡುಕಿ. ಟಿ120ರ ಹೆಡ್ಡಿನಲ್ಲಿ ಕಾರ್ಬುರೇಟರ್ ನೇರವಾಗಿ ಕೂರುವುದಿಲ್ಲ. ಮಧ್ಯೆ ಒಂದು ಅಲ್ಯೂಮಿನಿಯಂ ಸ್ಟಬ್ ಇದೆ. ಅದನ್ನು ಹೆಡ್ಡಿಗೆ ಚೂಡಿಯಿಂದ (ಥ್ರೆಡ್) ತಿರುಗಿಸಿ ಕೂರಿಸಿ, ಮೇಲೆ ಲಾಕ್ ರಿಂಗ್ ಹಾಕಿರುತ್ತಾರೆ. ಐವತ್ತು ವರ್ಷದಲ್ಲಿ ಯಾರ ಯಾರೋ ಪೈಪ್ ಪಾನಾ ಹಾಕಿ ಎಳೆದಿರುತ್ತಾರೆ. ಚೂಡಿ ಸವೆದಿರುತ್ತದೆ. ಕಾರ್ಬುರೇಟರ್ ಹಿಡಿದು ಅಲುಗಾಡಿಸಿದಾಗ ಸ್ಟಬ್ ಕೂದಲೆಳೆಯಷ್ಟು ಆಡಿದರೂ ಸಾಕು, ಗಾಳಿ ಒಳಗೆ ನುಗ್ಗುತ್ತದೆ. ನಿಮ್ಮ ಸ್ಟಬ್‌ಗಳ ನಡುವೆ ಬ್ಯಾಲೆನ್ಸ್ ಪೈಪ್ ಇದ್ದರೆ ಅದರ ರಬ್ಬರನ್ನೂ ಬಗ್ಗಿಸಿ ನೋಡಿ, ಬಿರುಕು ಬಿಟ್ಟಿರಬಹುದು.

ಸೋರಿಕೆ ಹಿಡಿಯುವುದು ಸುಲಭ. ಎಂಜಿನ್ ಓಡುತ್ತಿರುವಾಗ ಸ್ಟಬ್ ಸುತ್ತ, ಫ್ಲ್ಯಾಂಜ್ (ಕಾರ್ಬುರೇಟರ್ ಸ್ಟಬ್ಬಿಗೆ ಕೂರುವ ಚಪ್ಪಟೆ ಮುಖ) ಸುತ್ತ ಡಬ್ಲ್ಯೂಡಿ 40 ಒಂದೊಂದೇ ಕಡೆ ಚೂರು ಸಿಂಪಡಿಸಿ. ಎಲ್ಲಿ ಬಿದ್ದಾಗ ಎಂಜಿನ್ ಸದ್ದು ಬದಲಾಯಿತೋ ಅಲ್ಲೇ ತೂತು. ಬಿಸಿ ಎಕ್ಸಾಸ್ಟ್ ಮೇಲೆ ಬೀಳಿಸಬೇಡಿ, ಬೆಂಕಿ ಹತ್ತುತ್ತದೆ. ಈ ಕೆಲಸವನ್ನು ಅಂಗಳದಲ್ಲಿ ಮಾಡಿ, ಬಾಗಿಲು ಹಾಕಿದ ಶೆಡ್ಡಿನಲ್ಲಿ ಬೇಡ.

ಈಗ ಫ್ಲ್ಯಾಂಜ್. ನನ್ನ ಪ್ರಕಾರ ನಿಮ್ಮ ತೊಂದರೆಯ ಬಹುಪಾಲು ಇಲ್ಲಿದೆ. ಕಾನ್ಸೆಂಟ್ರಿಕ್ ಕಾರ್ಬುರೇಟರಿನ ಬಾಡಿ ಮೆತ್ತನೆಯ ಜಿಂಕ್ ಮಿಶ್ರಲೋಹ. ಅದನ್ನು ಎರಡೇ ಸ್ಟಡ್ ಹಿಡಿದಿರುತ್ತವೆ. ಸೋರಬಾರದು ಅಂತ ಎರಡೂ ನಟ್ಟನ್ನು ಬಲವಾಗಿ ಬಿಗಿದರೆ ಫ್ಲ್ಯಾಂಜ್ ಬಾಳೆಹಣ್ಣಿನ ಆಕಾರಕ್ಕೆ ಬಾಗುತ್ತದೆ. ಮಧ್ಯದಲ್ಲಿ ಸಂದು ಬೀಳುತ್ತದೆ. ಫ್ಲ್ಯಾಂಜ್ ಜೊತೆಗೆ ಸ್ಲೈಡ್ (ಎಕ್ಸಲರೇಟರ್ ತಿರುಗಿಸಿದಾಗ ಮೇಲೆದ್ದು ಗಾಳಿಯ ದಾರಿ ತೆರೆಯುವ ತುಂಡು) ಓಡಾಡುವ ರಂಧ್ರವೂ ಸೊಟ್ಟಗಾಗಿ ಸ್ಲೈಡ್ ಹಿಡಿದುಕೊಳ್ಳುತ್ತದೆ. ಒಂದೇ ತಪ್ಪಿನಿಂದ ಗಾಳಿ ಸೋರಿಕೆಯೂ ಆಯಿತು, ರೇಸ್ ಆಗಿ ನಿಲ್ಲುವ ರೋಗವೂ ಬಂತು. ಸೋರುತ್ತಿದೆ ಅಂತ ಮತ್ತೆ ಬಿಗಿಯುತ್ತಾರೆ, ಇನ್ನೂ ಬಾಗುತ್ತದೆ.

ಎರಡನ್ನೂ ಬಿಚ್ಚಿ. ಫ್ಲ್ಯಾಂಜಿನ ಮೇಲೆ ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ಸ್ಕೇಲಿನ ಕೆಳಗೆ ಬೆಳಕು ಕಂಡರೆ ಬಾಗಿದೆ ಅಂತ ಅರ್ಥ. ದಪ್ಪ ಗಾಜಿನ ಮೇಲೆ ನುಣುಪಾದ ಎಮರಿ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ನಿಧಾನವಾಗಿ ಉಜ್ಜಿ ಸಮ ಮಾಡಿ. ಸ್ಟಬ್ಬಿನ ಮುಖವನ್ನೂ ನೋಡಿ. ಆಮೇಲೆ ಫ್ಲ್ಯಾಂಜಿನ ಕಚ್ಚಿಗೆ ಹೊಸ ಓ-ರಿಂಗ್ ಹಾಕಿ. ಕಾರ್ಬುರೇಟರಿಗೂ ಸ್ಟಬ್ಬಿಗೂ ಮಧ್ಯೆ ಶಾಖ ತಡೆಯುವ ಫೈಬರ್ ಸ್ಪೇಸರ್ ಇರಲೇಬೇಕು. ಎಂಜಿನ್ ಬಿಸಿ ನೇರವಾಗಿ ಹತ್ತಿದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಕಾರ್ಬುರೇಟರಿನ ಕೆಳಗಿನ ಬೌಲಿನಲ್ಲೇ ಪೆಟ್ರೋಲ್ ಕುದಿಯಲು ಶುರುವಾಗುತ್ತದೆ. ಓ-ರಿಂಗ್ ಇರುವ ಮುಖಕ್ಕೆ ಮೇಲೊಂದು ಪ್ಯಾಕಿಂಗ್, ಅದರ ಮೇಲೆ ಗಮ್ಮು, ಇವೆಲ್ಲ ಬೇಡ. ನೈಲಾಕ್ ನಟ್ ಹಾಕಿ, ಸಣ್ಣ ಪಾನಾದಿಂದ ಎರಡನ್ನೂ ಸಮನಾಗಿ ತಿರುಗಿಸಿ, ಓ-ರಿಂಗ್ ಅಮುಕಿದ್ದು ಗೊತ್ತಾದ ಕೂಡಲೇ ನಿಲ್ಲಿಸಿ. ಸಡಿಲ ಆಗದಂತೆ ನೋಡಿಕೊಳ್ಳುವುದು ನೈಲಾಕಿನ ಕೆಲಸ, ನಿಮ್ಮ ತೋಳಿನದಲ್ಲ. ಬಿಗಿದ ಮೇಲೆ ಸ್ಲೈಡನ್ನು ಎತ್ತಿ ಬಿಡಿ. ಟಕ್ ಅಂತ ಕೆಳಗೆ ಬೀಳಬೇಕು. ಬೀಳದಿದ್ದರೆ ಜಾಸ್ತಿ ಬಿಗಿದಿದ್ದೀರಿ.

ಬಿಚ್ಚಿದಾಗಲೇ ಒಳಗಿನದನ್ನೂ ನೋಡಿಬಿಡಿ. ಹೊಸದು ಅಂದ ಮಾತ್ರಕ್ಕೆ ನಿಮ್ಮ ಗಾಡಿಗೆ ಹೊಂದಿಸಿಯೇ ಬಂದಿರುತ್ತದೆ ಅಂತ ನಂಬಬೇಡಿ. ಬಾಡಿಯ ಮೇಲೆ ಆರ್930, ಎಲ್930 ಅಂತ ಕೊರೆದಿರಬೇಕು. 30 ಅಂದರೆ ಬೋರ್ 30 ಮಿ.ಮೀ. ಆರ್ ಬಲಗಡೆಗೆ, ಎಲ್ ಎಡಗಡೆಗೆ. ಸ್ಕ್ರೂಗಳು ಹೊರಮುಖವಾಗಿ ಕೈಗೆ ಸಿಗುವಂತೆ ಇರುತ್ತವೆ. ಜೆಟ್ ಅಂದರೆ ಪೆಟ್ರೋಲ್ ಅಳೆದು ಬಿಡುವ ತೂತಿನ ತುಂಡು, ನೀಡಲ್ ಅಂದರೆ ಸ್ಲೈಡಿನ ಜೊತೆ ಏರಿಳಿಯುವ ಸೂಜಿ. 1969ರ ಟಿ120ಕ್ಕೆ ಮೇನ್ ಜೆಟ್ 190ರ ಆಸುಪಾಸು, ನೀಡಲ್ ಜೆಟ್ .106, ಸ್ಲೈಡ್ 3, ನೀಡಲ್ ಕ್ಲಿಪ್ ನಡುವಿನ ಕಚ್ಚಿನಲ್ಲಿ. ಇಷ್ಟನ್ನು ಎರಡರಲ್ಲೂ ಓದಿ ನೋಡಿ. ಒಂದರಲ್ಲಿ ಸ್ಲೈಡ್ 3, ಇನ್ನೊಂದರಲ್ಲಿ 3½ ಇದ್ದರೆ ದೇವರು ಬಂದರೂ ಟ್ಯೂನ್ ಆಗುವುದಿಲ್ಲ.

ಅಮಾಲ್ ಕಂಪನಿ 1927ರಲ್ಲಿ ಮೂರು ಕಾರ್ಬುರೇಟರ್ ಕಂಪನಿಗಳು ಸೇರಿ ಹುಟ್ಟಿದ್ದು. ಕಾನ್ಸೆಂಟ್ರಿಕ್ ಮಾದರಿ ಬಂದದ್ದು 1967ರಲ್ಲಿ. ಮೊದಲಿನ ಮಾದರಿಯಾದ ಮಾನೊಬ್ಲಾಕಿನಲ್ಲಿ ಫ್ಲೋಟ್ (ಪೆಟ್ರೋಲಿನ ಮಟ್ಟ ಕಾಯುವ ತೇಲುವ ತುಂಡು) ಪಕ್ಕದಲ್ಲಿತ್ತು, ಇದರಲ್ಲಿ ಜೆಟ್ಟಿನ ಸುತ್ತಲೇ ಬಂತು. ಅಗ್ಗ, ಸರಳ. ಆದರೆ ಬಾಡಿ ಮತ್ತು ಸ್ಲೈಡ್ ಎರಡೂ ಒಂದೇ ಮೆತ್ತನೆಯ ಲೋಹ, ಹಾಗಾಗಿ ಒಂದನ್ನೊಂದು ತಿಂದವು. ಸ್ಲೋದಲ್ಲಿ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟನ್ನು ಬಾಡಿಯೊಳಗೆ ಹೊಡೆದು ಕೂರಿಸಿದ್ದರಿಂದ ಕಟ್ಟಿಕೊಂಡರೆ ತೆಗೆಯಲು ಬರುತ್ತಿರಲಿಲ್ಲ. ಈಗ ಸಿಗುವ ಪ್ರೀಮಿಯರ್ ಮಾದರಿಯಲ್ಲಿ ಈ ಎರಡನ್ನೂ ತಿದ್ದಿದ್ದಾರೆ. ಸ್ಲೈಡ್ ಗಟ್ಟಿ ಆನೊಡೈಸ್ ಮಾಡಿದ ಅಲ್ಯೂಮಿನಿಯಂ. ಪೈಲಟ್ ಜೆಟ್ ಬಿಚ್ಚಲು ಬರುತ್ತದೆ. ಫ್ಲೋಟ್ ಎಥನಾಲಿಗೆ ಜಗ್ಗುವುದಿಲ್ಲ. ನೀವು ತರಿಸಿದ್ದು ಇದೇ ಆದರೆ ಕೊಟ್ಟ ದುಡ್ಡು ಸಾರ್ಥಕ. ಹಳೆಯ ತರಹದ್ದೇ ಆಗಿದ್ದರೆ ಏರ್ ಸ್ಕ್ರೂ ಬಿಚ್ಚಿ ಆ ತೂತಿನೊಳಗೆ ಕಾರ್ಬ್ ಕ್ಲೀನರ್ ಹೊಡೆಯಿರಿ. ಸ್ಲೈಡಿನ ಹತ್ತಿರ ಇರುವ ಎರಡು ಸಣ್ಣ ತೂತುಗಳಿಂದಲೂ ಧಾರೆ ಬರಬೇಕು. ಬರದಿದ್ದರೆ 0.016 ಇಂಚಿನ, ಅಂದರೆ 0.4 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ಅದೇ ದಾರಿಯಲ್ಲಿ ತೂರಿಸಿ ಜೆಟ್ ಬಿಡಿಸಬೇಕು. ಮಷಿನ್ನಿಗೆ ಕಟ್ಟಬೇಡಿ, ತೂತು ದೊಡ್ಡದಾದರೆ ಮುಗಿಯಿತು.

ಫ್ಲೋಟ್ ಮಟ್ಟವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಕಾನ್ಸೆಂಟ್ರಿಕ್‌ನಲ್ಲಿ ಒಂದು ಅನುಕೂಲ ಇದೆ. ಪೆಟ್ರೋಲ್ ಪೈಪ್ ಬರುವುದು ಬೌಲಿಗೇ. ಹಾಗಾಗಿ ಬೌಲ್ ಬಿಚ್ಚಿ, ಪೈಪ್ ಜೋಡಿಸಿ, ಫ್ಲೋಟಿನ ಪಿನ್ ಮೇಲೆ ಏಳದಂತೆ ಬೆರಳಿನಿಂದ ಹಿಡಿದು, ಸಮತಟ್ಟಾಗಿ ಇಟ್ಟು ಟ್ಯಾಪ್ ತೆರೆಯಬಹುದು. ಪೆಟ್ರೋಲ್ ತುಂಬಿ ತಾನೇ ನಿಂತಾಗ ಬೌಲಿನ ಅಂಚಿನಿಂದ ಪೆಟ್ರೋಲಿನವರೆಗೆ 0.17ರಿಂದ 0.24 ಇಂಚು ಇರಬೇಕು, ಅಂದರೆ ನಾಲ್ಕೂಕಾಲರಿಂದ ಆರು ಮಿ.ಮೀ. ಎರಡು ಬೌಲಿನ ಮಟ್ಟ ಒಂದೇ ಆಗಿರುವುದು ಅದಕ್ಕಿಂತ ಮುಖ್ಯ. ಹೊಸ ಫ್ಲೋಟಿನಲ್ಲಿ ನೀಡಲನ್ನು ಎತ್ತುವ ನಾಲಿಗೆಯನ್ನು ಬಗ್ಗಿಸಿ ಸರಿಮಾಡಬಹುದು. ಹಳೆಯದರಲ್ಲಿ ಬೌಲನ್ನು ಬಿಸಿನೀರಿಗೆ ಹಾಕಿ, ಹಿತ್ತಾಳೆ ಸೀಟನ್ನು ಮೇಲೆ ಕೆಳಗೆ ಸರಿಸಬೇಕು.

ಜೋಡಿಸುವಾಗ ಕೇಬಲ್ ಮೇಲೆ ಕಣ್ಣಿರಲಿ. ಎಕ್ಸಲರೇಟರ್ ಪೂರ್ತಿ ಬಿಟ್ಟಾಗ ಎರಡೂ ಕೇಬಲ್ಲಿನಲ್ಲಿ ಸ್ವಲ್ಪ ಸಡಿಲ ಇರಬೇಕು. ಸ್ಲೈಡ್ ಕೂರಬೇಕಾದದ್ದು ಸ್ಲೋ ಸ್ಕ್ರೂ ಮೇಲೆ. ಕೇಬಲ್ ಅದನ್ನು ಎತ್ತಿ ಹಿಡಿದಿದ್ದರೆ ನೀವು ಎಷ್ಟು ಸ್ಕ್ರೂ ತಿರುಗಿಸಿದರೂ ಪ್ರಯೋಜನ ಇಲ್ಲ. ಟ್ಯಾಂಕ್ ಕೂರಿಸಿದ ಮೇಲೆ ಗಾಡಿ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಸದ್ದು ಏರಿದರೆ ಕೇಬಲ್ ಎಲ್ಲೋ ಟ್ಯಾಂಕಿನ ಕೆಳಗೆ ಸಿಕ್ಕಿಕೊಂಡಿದೆ.

ಇನ್ನು ಸ್ಲೋ ಹೊಂದಿಸುವುದು. ಎರಡೂ ಏರ್ ಸ್ಕ್ರೂಗಳನ್ನು ಮೆತ್ತಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಇದು ಶುರು ಮಾಡುವ ಜಾಗ ಅಷ್ಟೇ. ಈ ಸ್ಕ್ರೂ ಗಾಳಿಯದ್ದು, ಪೆಟ್ರೋಲಿನದಲ್ಲ. ಒಳಗೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ರಿಚ್ ಆಗುತ್ತದೆ, ಹೊರಗೆ ತಿರುಗಿಸಿದರೆ ಲೀನ್. ಆಮೇಲೆ ಗಾಡಿ ಓಡಿಸಿ ಬಿಸಿ ಮಾಡಿ. ಕ್ಯಾಂಪ್ ಕಡೆ ಒಂದು ಸುತ್ತು ಹಾಕಿ ಬಂದರೆ ಸಾಕು. ನಿಂತಲ್ಲೇ ಸ್ಲೋದಲ್ಲಿ ಬಿಟ್ಟು ಬಿಸಿ ಮಾಡಬೇಡಿ. ಗಾಳಿಯಿಂದ ತಣ್ಣಗಾಗುವ ಎಂಜಿನ್, ಗಾಳಿ ಸಿಗದಿದ್ದರೆ ಹೆಡ್ ಕಾಯುತ್ತದೆ.

ಬಿಸಿಯಾದ ಮೇಲೆ ಎಂಜಿನ್ ಬಂದ್ ಮಾಡಿ, ಬಲಗಡೆ ಪ್ಲಗ್ಗಿನ ಕ್ಯಾಪ್ ಕಿತ್ತು ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ. ಆ ಪ್ಲಗ್ಗಿನ ಮೈ ಹೆಡ್ಡಿಗೆ ತಾಗಿರಲಿ. ಕ್ಯಾಪನ್ನು ಸುಮ್ನೆ ಗಾಳಿಯಲ್ಲಿ ನೇತಾಡಲು ಬಿಟ್ಟರೆ ಕಾಯಿಲ್ ಹಾಳಾಗಬಹುದು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ಬಾಕ್ಸೇ ಸುಡಬಹುದು. ಪೆಟ್ರೋಲ್ ಹನಿ ಬಿದ್ದ ಕಡೆ ಈ ಪ್ಲಗ್ ಇಡಬೇಡಿ, ಅದು ಕಿಡಿ ಹಾರಿಸುತ್ತಲೇ ಇರುತ್ತದೆ.

ಈಗ ಎಡಗಡೆ ಒಂದೇ ಸಿಲಿಂಡರಿನ ಮೇಲೆ ಗಾಡಿ ಸ್ಟಾರ್ಟ್ ಮಾಡಿ. ಸ್ಲೋ ಸ್ಕ್ರೂ ಸ್ವಲ್ಪ ಏರಿಸಿ, ಅದು ಒಂಟಿಯಾಗಿ ಓಡುವಂತೆ ಮಾಡಿ. ಏರ್ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸುತ್ತ ಎಂಜಿನ್ ಎಲ್ಲಿ ಜೋರಾಗಿ, ಸಮವಾಗಿ ಓಡುತ್ತದೆ ನೋಡಿ. ಸ್ಪೀಡ್ ಏರಿದರೆ ಸ್ಲೋ ಸ್ಕ್ರೂ ಇಳಿಸಿ, ಮತ್ತೆ ಏರ್ ಸ್ಕ್ರೂ. ಅದು ನಿಧಾನವಾಗಿ, ತಪ್ಪದೆ ಡಗ್ ಡಗ್ ಅನ್ನುವವರೆಗೆ ಇದೇ ಆಟ. ಇಲ್ಲಿ ನಿಮಗೆ ನಿಜ ಗೊತ್ತಾಗುತ್ತದೆ. ಎಡಗಡೆ ಒಂಟಿಯಾಗಿ ನಿಲ್ಲುವುದೇ ಇಲ್ಲ, ಏರ್ ಸ್ಕ್ರೂ ಪೂರ್ತಿ ಒಳಗೆ ಹೋದ ಮೇಲಷ್ಟೇ ಸುಧಾರಿಸುತ್ತದೆ ಅಂದರೆ ಗಾಳಿ ಇನ್ನೂ ಸೋರುತ್ತಿದೆ, ಇಲ್ಲವೇ ಪೈಲಟ್ ಕಟ್ಟಿದೆ. ಹಿಂದಿನ ಹಂತಕ್ಕೆ ಹೋಗಿ. ಸ್ಕ್ರೂ ತಿರುಗಿಸುತ್ತ ಕೂರಬೇಡಿ. ಎಡಗಡೆ ಸರಿಹೋದ ಮೇಲೆ ಅದರ ಕ್ಯಾಪ್ ತೆಗೆದು ಬಲಗಡೆಗೂ ಹೀಗೇ ಮಾಡಿ. ಕೊನೆಗೆ ಎರಡನ್ನೂ ಜೋಡಿಸಿದಾಗ ಸ್ಪೀಡ್ ಏರುತ್ತದೆ. ಆಗ ಎರಡೂ ಸ್ಲೋ ಸ್ಕ್ರೂಗಳನ್ನು ಒಂದೇ ಅಳತೆಯಲ್ಲಿ ಇಳಿಸಿ. 800ರಿಂದ 1000 ಆರ್‌ಪಿಎಂ ಸಾಕು. ಈಗಿನ ಹೊಸ ಗಾಡಿಯಂತೆ ಸದ್ದೇ ಇಲ್ಲದೆ ನಿಲ್ಲಲಿ ಅಂತ ಆಸೆಪಡಬೇಡಿ, ಈ ಎಂಜಿನ್ನಿನ ಸ್ವಭಾವ ಅದಲ್ಲ.

ಸ್ಲೋ ಸರಿಯಾಯಿತು. ಆದರೆ ಎಕ್ಸಲರೇಟರ್ ತಿರುಗಿಸಿದಾಗ ಎರಡು ಸ್ಲೈಡೂ ಒಟ್ಟಿಗೆ ಏಳಬೇಕಲ್ಲ? ಎಂಜಿನ್ ಬಂದ್ ಮಾಡಿ, ಏರ್ ಫಿಲ್ಟರ್ ಬಿಚ್ಚಿ. ಒಂದೇ ಅಳತೆಯ ಎರಡು ಡ್ರಿಲ್ ಬಿಟ್ ತೆಗೆದುಕೊಂಡು, ಒಂದೊಂದು ಸ್ಲೈಡಿನ ಕೆಳಗೆ ಒಂದೊಂದು ಸಿಕ್ಕಿಸಿ ಎಕ್ಸಲರೇಟರ್ ಬಿಡಿ. ಬಿಟ್ಟಿನ ಬಾಲ ಹೊರಗೆ ಚಾಚಿರುತ್ತದೆ. ಈಗ ಎಕ್ಸಲರೇಟರನ್ನು ಇರುವೆ ನಡೆದಷ್ಟು ನಿಧಾನ ತಿರುಗಿಸಿ. ಎರಡೂ ಬಾಲ ಒಂದೇ ಕ್ಷಣಕ್ಕೆ ಕೆಳಗೆ ಬೀಳಬೇಕು. ಯಾವುದು ತಡವಾಯಿತೋ ಅದರ ಕೇಬಲ್ ಅಡ್ಜಸ್ಟರನ್ನು ಚೂರು ಏರಿಸಿ. ವ್ಯಾಕ್ಯೂಮ್ ಗೇಜ್ ಇದ್ದರೆ ಬೇಡ ಅನ್ನುವುದಿಲ್ಲ. ಆದರೆ ಈ ಡ್ರಿಲ್ ಬಿಟ್ ವಿಧಾನ ನನಗೆ ಯಾವ ಗೇಜಿಗೂ ಕಡಿಮೆ ಅನ್ನಿಸಿಲ್ಲ.

ಉಳಿದದ್ದು ರಸ್ತೆಯ ಮೇಲೆ. ಹ್ಯಾಂಡಲ್ ಗ್ರಿಪ್ಪಿನ ಮೇಲೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಹಾಕಿ. ಎಕ್ಸಲರೇಟರ್ ಎಷ್ಟು ತೆರೆದಾಗ ತೊಂದರೆ ಅನ್ನುವುದರ ಮೇಲೆ ಯಾವ ಭಾಗ ಮುಟ್ಟಬೇಕು ಅನ್ನುವುದು ನಿಂತಿದೆ. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅನ್ನುವುದರ ಮೇಲಲ್ಲ. ಎಂಟನೇ ಒಂದರವರೆಗೆ ಪೈಲಟ್ಟಿನ ಆಳ್ವಿಕೆ. ಅಲ್ಲಿಂದ ಕಾಲಿನವರೆಗೆ ಸ್ಲೈಡಿನ ಕೆಳಗೆ ಕತ್ತರಿಸಿದ ಭಾಗ. ಕಾಲಿನಿಂದ ಮುಕ್ಕಾಲಿಗೆ ನೀಡಲ್ ಮತ್ತು ನೀಡಲ್ ಜೆಟ್. ಮುಕ್ಕಾಲಿನ ಮೇಲೆ ಮೇನ್ ಜೆಟ್. ನೀವು ಹೇಳಿದ ಕೆಮ್ಮು ಸೋರಿಕೆ ನಿಲ್ಲಿಸಿದ ಮೇಲೂ ಉಳಿದರೆ, ಕಾರ್ಬುರೇಟರಿನ ಬಾಯಿಂದ ಫಟ್ ಅಂತ ಹಿಂದಕ್ಕೆ ಉಗುಳಿದರೆ, ಅದು ಸ್ಲೈಡಿನ ಹಂತದ ಲೀನ್. 3ರ ಬದಲು 2½ ಸ್ಲೈಡ್ ಜೋಡಿ ಹಾಕಿ. ಈ ನಂಬರ್ ಕಡಿಮೆಯಾದಷ್ಟೂ ರಿಚ್. ನಡುವೆ ಎಲ್ಲೋ ಎಳೆತ ಇಲ್ಲ ಅಂದರೆ ನೀಡಲ್ ಕ್ಲಿಪ್ಪನ್ನು ಒಂದು ಕಚ್ಚು ಕೆಳಗೆ ಇಳಿಸಿ, ಆಗ ನೀಡಲ್ ಮೇಲೆದ್ದು ಪೆಟ್ರೋಲ್ ಹೆಚ್ಚು ಬರುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಎರಡೂ ಕಾರ್ಬುರೇಟರಿನಲ್ಲಿ ಬದಲಿಸಿ, ಬರೆದಿಟ್ಟುಕೊಳ್ಳಿ.

ಮೇನ್ ಜೆಟ್ ಪರೀಕ್ಷೆಗೆ ನಮ್ಮ ಕಡೆ ವಂಟಮುರಿ ಘಾಟಿನ ಏರು ಚೆನ್ನಾಗಿದೆ. ಕಾಕತಿ, ಹೊನಗಾ ದಾಟಿದ ಮೇಲೆ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಟ್ರಕ್ಕು ಕಡಿಮೆ ಇರುವಾಗ ಹೋಗಿ, ಏರಿನಲ್ಲಿ ಮೂರನೇ ಗೇರಿನಲ್ಲೇ ಪರೀಕ್ಷೆ ಮಾಡಿ. ಏರಿರುವುದರಿಂದ ಸ್ಪೀಡ್ ಮಿತಿ ಮೀರದೆ ಎಂಜಿನ್ ಮೇಲೆ ಭಾರ ಬೀಳುತ್ತದೆ. ಪೂರ್ತಿ ತೆರೆದು, ಆಮೇಲೆ ಚೂರು ಮಾತ್ರ ಹಿಂದಕ್ಕೆ ಬಿಡಿ. ಬಿಟ್ಟಾಗ ಎಳೆತ ಹೆಚ್ಚಾದರೆ ಮೇನ್ ಜೆಟ್ ಸಣ್ಣದಾಯಿತು. ಪೂರ್ತಿ ತೆರೆದಾಗ ಉರಿದೂ ಉರಿಯದಂತೆ ಬಡಬಡಿಸಿದರೆ ದೊಡ್ಡದಾಯಿತು. ಹಳೆಯ ಪುಸ್ತಕಗಳು ಪ್ಲಗ್ಗಿನ ಬಣ್ಣ ಬಿಸ್ಕತ್ತಿನಂತೆ ಇರಬೇಕು ಅನ್ನುತ್ತವೆ. ಈಗಿನ ಪೆಟ್ರೋಲಿನಲ್ಲಿ ಆ ಬಣ್ಣ ಬರುವುದು ಅಪರೂಪ. ಹೊಸ ಪ್ಲಗ್ ಹಾಕಿ, ಪಿಂಗಾಣಿಯ ಬುಡದಲ್ಲಿ ತೆಳ್ಳಗೆ ಕಪ್ಪು ಉಂಗುರ ಬಂದಿದೆಯೇ ನೋಡಿ. ಎಡ ಬಲ ಎರಡೂ ಒಂದೇ ತರಹ ಇದ್ದರೆ ಅರ್ಧ ಗೆದ್ದ ಹಾಗೆ.

ಇ20 ವಿಷಯಕ್ಕೆ ಬರೋಣ. ಬೆಳಗಾವಿ, ಬಾಗಲಕೋಟೆ ಅಂದರೆ ಸಕ್ಕರೆ ಕಾರ್ಖಾನೆಗಳ ಸೀಮೆ. ನಮ್ಮ ಕಬ್ಬಿನ ಎಥನಾಲೇ ಸುತ್ತಿ ಬಂದು ನಮ್ಮ ಫ್ಲೋಟ್ ಬೌಲಿಗೆ ಬೀಳುತ್ತಿದೆ. ದೂರುವ ಹಾಗೂ ಇಲ್ಲ! ಆದರೆ ಲೆಕ್ಕ ತಿಳಿದಿರಬೇಕು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಶೇ 20 ಎಥನಾಲ್ ಸೇರಿದಾಗ ಸುಮಾರು 13.5 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಸುಮಾರು ಶೇ 8ರಷ್ಟು ಹೆಚ್ಚು ಇಂಧನ ಬೇಕು. 1969ರಲ್ಲಿ ಇಟ್ಟ ಜೆಟ್ ಈಗ ಅಷ್ಟರಮಟ್ಟಿಗೆ ಲೀನ್. ಇದಕ್ಕೆ ಎದುರಾಗಿ ಕೆಲಸ ಮಾಡುವುದು ನಮ್ಮ ಊರಿನ ಎತ್ತರ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ಗಾಳಿ ಶೇ 7ರಷ್ಟು ತೆಳು. ಅದರಿಂದ ಕಾರ್ಬುರೇಟರಿನ ಮಿಶ್ರಣ ಶೇ 3–4ರಷ್ಟು ರಿಚ್ ಆಗುತ್ತದೆ. ಅಮಾಲ್ ಜೆಟ್ಟಿನ ನಂಬರ್ ಅಂದರೆ ಒಂದು ನಿಮಿಷಕ್ಕೆ ಹರಿಯುವ ಇಂಧನದ ಸಿಸಿ. ಹಾಗಾಗಿ ಲೆಕ್ಕ ನೇರ. 190ಕ್ಕೆ ಶೇ 8 ಸೇರಿಸಿ, ಎತ್ತರಕ್ಕೆ ಶೇ 3–4 ಕಳೆಯಿರಿ. 200ರ ಹತ್ತಿರ ಬರುತ್ತದೆ. 200ರ ಒಂದು ಜೋಡಿ ತರಿಸಿಕೊಳ್ಳಿ, ಬೇಕಾದರೆ ಇರಲಿ ಅಂತ 210ರದ್ದೂ ಒಂದು ಜೋಡಿ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ಅಭ್ಯಾಸ ಇದ್ದರೆ ಕೆಳಗೆ ಗಾಳಿ ದಟ್ಟ, ಮಿಶ್ರಣ ಮತ್ತೆ ಲೀನ್ ಕಡೆಗೆ ವಾಲುತ್ತದೆ. ಆದ್ದರಿಂದ ಇಲ್ಲಿ ಟ್ಯೂನ್ ಮಾಡುವಾಗ ಒಂಚೂರು ರಿಚ್ ಕಡೆಗೇ ಬಿಡಿ. ಹೆಚ್ಚು ಪೆಟ್ರೋಲ್ ಕುಡಿದರೆ ದುಡ್ಡು ಹೋಗುತ್ತದೆ, ಲೀನ್ ಆದರೆ ಪಿಸ್ಟನ್ ಹೋಗುತ್ತದೆ.

ಎಥನಾಲಿನ ಇನ್ನೊಂದು ಗುಣ, ನೀರು ಹೀರುವುದು. ನಮ್ಮ ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಂತರೆ ಬೌಲಿನ ತಳದಲ್ಲಿ ನೀರು ಕೂತು ಬಿಳಿ ಪುಡಿ ಕಟ್ಟುತ್ತದೆ. ಮೊದಲು ಕಟ್ಟುವುದು ಪೈಲಟ್ ಜೆಟ್ಟೇ. ಎರಡು ಮೂರು ವಾರ ಓಡಿಸುವುದಿಲ್ಲ ಅಂದರೆ ಟ್ಯಾಪ್ ಬಂದ್ ಮಾಡಿ, ಬೌಲಿನ ಕೆಳಗಿನ ಪ್ಲಗ್ ಬಿಚ್ಚಿ ಖಾಲಿ ಮಾಡಿ. ಪೆಟ್ರೋಲ್ ಪೈಪನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಏರ್ ಫಿಲ್ಟರ್ ತೆಗೆದು ಓಡಿಸಬೇಡಿ. ನೋಡಲು ಚಂದ, ಒಪ್ಪಿದೆ. ಆದರೆ ಬಾಗಲಕೋಟೆ, ವಿಜಯಪುರ ಕಡೆ ಎರೆಮಣ್ಣಿನ ಧೂಳಿನಲ್ಲಿ ಒಂದು ಬೇಸಿಗೆ ಓಡಿಸಿದರೆ ಹೊಸ ಸ್ಲೈಡೂ ಉಳಿಯುವುದಿಲ್ಲ, ರಿಂಗೂ ಉಳಿಯುವುದಿಲ್ಲ.

ಬುಲೆಟ್ಟಿನ ಕಾರ್ಬುರೇಟರ್ ಹಾಕಿದರೆ ಗಾಡಿ ಓಡುವುದಿಲ್ಲ ಅಂತಲ್ಲ. ನಿಮ್ಮ ಒಂದೊಂದು ಸಿಲಿಂಡರ್ ಸುಮಾರು 325 ಸಿಸಿ. ಹಳೆಯ ಬುಲೆಟ್ 350ರ 24 ಮಿ.ಮೀ. ಮಿಕ್‌ಕಾರ್ಬ್ ಕಾರ್ಬುರೇಟರ್ ಜೋಡಿ ಹಾಕಿದರೆ ಸ್ಲೋ ಚೆನ್ನಾಗಿ ನಿಲ್ಲಬಹುದು, ಊರೊಳಗೆ ನಡೆಯಬಹುದು. ಆದರೆ ಬೋರ್ 30ರಿಂದ 24ಕ್ಕೆ ಇಳಿಯಿತು, ಮೇಲಿನ ಓಟ ಸತ್ತಿತು. ಫ್ಲ್ಯಾಂಜಿಗೆ ಅಡಾಪ್ಟರ್ ಕಡೆಯಬೇಕು. ಅಂದರೆ ಗಾಳಿ ಸೋರಲು ಇನ್ನೆರಡು ಜಾಗ. ಅದರ ಜೆಟ್ ನಂಬರ್ ಅಮಾಲಿಗೆ ತಾಳೆಯಾಗುವುದಿಲ್ಲ, ಎಲ್ಲವನ್ನೂ ಸೊನ್ನೆಯಿಂದ ಹುಡುಕಬೇಕು. ಇದೆಲ್ಲ ಆದ ಮೇಲೂ ಎಡಗಡೆ ಸ್ಟಬ್ ಅಲ್ಲಾಡುತ್ತಿದ್ದರೆ ಗಾಡಿ ಹೀಗೇ ಕೆಮ್ಮುತ್ತದೆ. ನಿಮ್ಮ ಗ್ಯಾರೇಜಿನವರ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿರುವ ಸಾಮಾನನ್ನು ಹಾಕಲು ಯಾರಿಗಾದರೂ ಧೈರ್ಯ ಜಾಸ್ತಿ. ಈ ಬರಹ ಅವರಿಗೂ ತೋರಿಸಿ, ಜೊತೆಗೆ ಕೂತು ಮಾಡಿ.

ಹಳೆಯ ಜೋಡಿಯನ್ನು ಗುಜರಿಗೆ ಹಾಕಬೇಡಿ. ಬಾಡಿ ಒಡೆಯದೆ ಇದ್ದು, ಬರೀ ಸ್ಲೈಡಿನ ರಂಧ್ರ ಸವೆದಿದ್ದರೆ ಅದನ್ನು ಉಳಿಸಬಹುದು. ಸ್ಲೈಡಿಗೆ ಹಿತ್ತಾಳೆಯ ತೋಳು ಹಾಕಿ, ರಂಧ್ರವನ್ನು ಸಮವಾಗಿ ಕಡೆದು ಹೊಂದಿಸುತ್ತಾರೆ. ನಮ್ಮ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಸೂಕ್ಷ್ಮ ಅಳತೆಯ ಕೆಲಸ ಮಾಡುವ ಲೇತ್‌ಗಳಿಗೆ ಕೊರತೆ ಇಲ್ಲ. ಕೊಡುವಾಗ ಹೊಸ ಸ್ಲೈಡ್ ಒಂದನ್ನು ಮಾದರಿಗೆ ಕೊಟ್ಟು, ಅದು ರಂಧ್ರದಲ್ಲಿ ತನ್ನ ಭಾರಕ್ಕೆ ತಾನೇ ಜಾರಬೇಕು, ಆದರೆ ಅಡ್ಡಡ್ಡ ಆಡಬಾರದು ಅಂತ ಹೇಳಿ. ಆ ಜೋಡಿಯ ಫ್ಲ್ಯಾಂಜ್ ಬಾಗಿದ್ದರೆ, ಬಾಗಿಯೇ ಇರುತ್ತದೆ ಅನ್ನಿ, ಲೇತಿಗೆ ಕೊಡುವ ಮುಂಚೆ ಅದನ್ನು ಸಮ ಮಾಡಿಸಿ. ರಂಧ್ರ ಕಡೆದ ಮೇಲೆ ಫ್ಲ್ಯಾಂಜ್ ನೆಟ್ಟಗೆ ಮಾಡಲು ಹೋದರೆ ರಂಧ್ರ ಮತ್ತೆ ಸೊಟ್ಟಗಾಗುತ್ತದೆ.